ಲ್ಯಾಬ್ ಕೆಲಸ ಬಿಟ್ಟು ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟ್ರಾಗಬೇಕು, ಅದೂ ಮೇಷ್ಟ್ರು ಸಿಗದ ಶಾಲೆಯಲ್ಲಿ. ದುಡ್ಡಿಗೆ ಏನು ದಾರಿ? (ಅಮೆರಿಕದಲ್ಲಿ ಇರುವವರು ಹೇಳಿ)

ತುಂಗಾ_ತೀರ:
ಎಲ್ಲರಿಗೂ ನಮಸ್ಕಾರ. ಶಂಕರಘಟ್ಟದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಇಲ್ಲಿಗೆ ಬಂದವನು ನಾನು. ಅವತ್ತಿನಿಂದ ಔಷಧ ಕಂಪನಿಗಳ ಲ್ಯಾಬ್‌ನಲ್ಲೇ ಕೆಲಸ. ಈಗ ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಕಡೆ ಇದ್ದೇವೆ. ಗ್ರೀನ್ ಕಾರ್ಡ್ ಆಗಿದೆ. ಮನೆಯವಳಿಗೂ ಕೆಲಸ ಇದೆ. ಇಬ್ಬರು ಮಕ್ಕಳು, ಮನೆ ಸಾಲ, ಎಲ್ಲರಿಗೂ ಇರೋದೇ.

ಶನಿವಾರ ನಮ್ಮೂರಿನ ಲೈಬ್ರರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸುಮ್ನೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಪಕ್ಕದ ಊರಿನ ಶಾಲೆಯಿಂದ ಬರುವ ನಾಲ್ಕೈದು ಮಕ್ಕಳಿಗೆ ವರ್ಷ ಪೂರ್ತಿ ಕೆಮಿಸ್ಟ್ರಿಗೆ ಖಾಯಂ ಮೇಷ್ಟ್ರೇ ಇಲ್ಲ. ಸಬ್‌ಸ್ಟಿಟ್ಯೂಟ್ (ಬದಲಿ ಮೇಷ್ಟ್ರು) ಬರುತ್ತಾರೆ, ವರ್ಕ್‌ಶೀಟ್ ಹಂಚುತ್ತಾರೆ, ಹೋಗುತ್ತಾರೆ. ಮೋಲ್ ಅಂದರೆ ಏನು ಅಂತ ಯಾರೂ ಹೇಳಿಲ್ಲ, ಆದರೆ ಮೋಲ್ ಲೆಕ್ಕದ ಪರೀಕ್ಷೆ ಮಾತ್ರ ಆಗಿದೆ. ಆ ಶಾಲೆಗೇ ಯಾಕೆ ಹೋಗಬಾರದು ಅನ್ನಿಸಿದೆ. ಮನೆಯವಳೂ ಹೂಂ ಅಂದಿದ್ದಾಳೆ, ಆದರೆ "ಮೊದಲು ಲೆಕ್ಕ ಹಾಕಿ, ಆಮೇಲೆ ರಾಜೀನಾಮೆ" ಅಂತ ಷರತ್ತು.

ಕೋರ್ಸಿಗೆ ಫೀಸು, ಅಷ್ಟು ದಿನ ಸಂಬಳ ಇಲ್ಲ, ಇನ್ಶೂರೆನ್ಸ್ ಬೇರೆ. ಟೀಚ್ ಗ್ರಾಂಟ್ ಅಂತಾರೆ, ನಾಯ್ಸ್ ಸ್ಕಾಲರ್‌ಶಿಪ್ ಅಂತಾರೆ, ಸಾಲ ಮನ್ನಾ ಅಂತಾರೆ. ನನ್ನ ಥರ ಸಂಸಾರ ಇರುವವನಿಗೆ ಇದರಲ್ಲಿ ನಿಜಕ್ಕೂ ಕೈಗೆ ಬರುವುದು ಯಾವುದು ಮಾರಾಯ್ರೇ?

ಸುಮ್ನಿರಪ್ಪ:
ಇರೋ ಕೆಲಸದಲ್ಲಿ ಇರಿ ಸರ್. ಶನಿವಾರ ಪಾಠ ಮಾಡಿ, ಪುಣ್ಯ ಬರುತ್ತೆ. ಸಂಬಳ ಅರ್ಧ ಮಾಡಿಕೊಂಡು, ಮೇಲೆ ಫೀಸು ಕಟ್ಟಿ, ಮಕ್ಕಳ ಹತ್ತಿರ ಬೈಸಿಕೊಳ್ಳೋ ಕೆಲಸಕ್ಕೆ ಯಾರಾದರೂ ಹೋಗ್ತಾರಾ?

ಬೆಲ್_ಹೊಡೀತು:
ಹೋಗ್ತಾರೆ ಸುಮ್ನಿರಪ್ಪನವರೇ, ನಾನು ಹೋಗಿದ್ದೇನೆ. ಚಿಪ್ ಕಂಪನಿ ಬಿಟ್ಟು ಸೆಂಟ್ರಲ್ ವ್ಯಾಲಿಯ ಒಂದು ಹೈಸ್ಕೂಲಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಎರಡೂ ಮಾಡುತ್ತೇನೆ. ಬಹಳಷ್ಟು ಮಕ್ಕಳ ಅಪ್ಪ ಅಮ್ಮ ಹೊಲ ತೋಟಗಳಲ್ಲಿ ಕೂಲಿ ಮಾಡುವವರು.

ತುಂಗಾ ಅವರೇ, ನೀವು ಹೇಳಿದ ಮೂರನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಟೀಚ್ ಗ್ರಾಂಟ್, ನಾಯ್ಸ್ ಎರಡೂ ಮೊದಲೇ ದುಡ್ಡು ಕೊಟ್ಟು ಬಾಂಡ್ ಬರೆಸಿಕೊಳ್ಳುವಂಥವು. ಸಾಲ ಮನ್ನಾ ಅಂದರೆ ಮೊದಲು ನೀವು ಸಾಲ ಮಾಡಿರಬೇಕು, ವರ್ಷಗಟ್ಟಲೆ ಪಾಠ ಮಾಡಿದ ಮೇಲೆ ಬಿಡುತ್ತಾರೆ. ಇನ್ನೊಂದು ದಾರಿ ಇದೆ, ಅದನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಅದಕ್ಕೆ ಗ್ರಾಂಟ್, ಸ್ಕಾಲರ್‌ಶಿಪ್ ಅನ್ನುವ ಹೆಸರಿಲ್ಲ. ಸಂಬಳ ತೆಗೆದುಕೊಂಡೇ ಕಲಿಯುವುದು. ಸಂಸಾರಸ್ಥರಿಗೆ ನಾನು ಮೊದಲು ಹೇಳುವುದು ಅದನ್ನೇ.

ಟೀಚ್ ಗ್ರಾಂಟ್ ಮೊದಲು ನೋಡೋಣ. ಇದು ಫೆಡರಲ್ ಸರ್ಕಾರದ್ದು. ವರ್ಷಕ್ಕೆ 4,000 ಡಾಲರ್ ಅಂತ ಕಾನೂನಿನಲ್ಲಿದೆ, ಬಜೆಟ್ ಕಡಿತ ಕಳೆದು ಕೈಗೆ ಬರುವುದು 3,772. ಮಾಸ್ಟರ್ಸ್ ಮಾಡುವವರಿಗೆ ಒಟ್ಟು ಮಿತಿ 8,000. ಬದಲಿಗೆ ಏನು ಕೊಡಬೇಕು? ಕೋರ್ಸ್ ಮುಗಿದ 8 ವರ್ಷದೊಳಗೆ 4 ವರ್ಷ ಪೂರ್ಣಾವಧಿ ಪಾಠ ಮಾಡಬೇಕು, ಅದೂ ಬಡ ಮಕ್ಕಳು ಜಾಸ್ತಿ ಇರುವ ಶಾಲೆ ಅಂತ ಸರ್ಕಾರದ ಪಟ್ಟಿಯಲ್ಲಿರುವ ಶಾಲೆಯಲ್ಲಿ, ಅದೂ ಕೊರತೆ ಇರುವ ವಿಷಯದಲ್ಲಿ. ಸೈನ್ಸ್ ಆ ಪಟ್ಟಿಯಲ್ಲಿ ಇದೆ, ಅದು ಚಿಂತೆ ಇಲ್ಲ. 4 ವರ್ಷ ಆಗದಿದ್ದರೆ ಕೊಟ್ಟದ್ದೆಲ್ಲ ಸಾಲ ಆಗುತ್ತದೆ. ಬಡ್ಡಿ ಅವತ್ತಿನಿಂದಲ್ಲ, ದುಡ್ಡು ಕೊಟ್ಟ ಮೊದಲ ದಿನದಿಂದ. ಊಟಕ್ಕೆ ಕರೆದು, ಎಲೆ ಎತ್ತುವಾಗ ಬಿಲ್ ಕೈಗಿಟ್ಟ ಹಾಗೆ.

ಇದಕ್ಕೊಂದು ಕಥೆಯೂ ಇದೆ. ಮೊದಲು ಪ್ರತಿ ವರ್ಷ ಒಂದು ಫಾರಂ ಕಳಿಸಬೇಕಿತ್ತು. ಪಾಠ ಸರಿಯಾಗಿ ಮಾಡುತ್ತಿದ್ದವರಿಗೂ ಫಾರಂ ತಡವಾಯಿತು, ಸಹಿ ಇಲ್ಲ ಅಂತ ಗ್ರಾಂಟನ್ನು ಸಾಲ ಮಾಡಿಬಿಟ್ಟರು. 2018ರಲ್ಲಿ ಪತ್ರಿಕೆ, ರೇಡಿಯೊದಲ್ಲಿ ದೊಡ್ಡ ಗಲಾಟೆ ಆಯಿತು, ಆಮೇಲೆ ಸರ್ಕಾರ ಅಂಥವರ ಅರ್ಜಿ ಮತ್ತೆ ತೆಗೆದು ನೋಡಿತು. 2021ರ ಜುಲೈನಿಂದ ನಿಯಮ ಸಡಿಲವಾಗಿದೆ. ಫಾರಂ ತಡವಾದ ಒಂದೇ ಕಾರಣಕ್ಕೆ ಸಾಲ ಮಾಡುವುದಿಲ್ಲ. ಆದರೂ ಪ್ರತಿ ವರ್ಷದ ಪ್ರಿನ್ಸಿಪಾಲರ ಸಹಿ ಇರುವ ಕಾಗದ ಜೋಪಾನ ಮಾಡಿ ಇಟ್ಟುಕೊಳ್ಳಿ.

ಊಟದ ಬೆಲ್ ಹೊಡೀತು. ಉಳಿದದ್ದು ಸಂಜೆ.

ಬ್ರಾಂಕ್ಸ್_ಬಸವ:
ನಾಯ್ಸ್ ಬಗ್ಗೆ ನಾನು ಹೇಳ್ತೀನ್ರಿ. ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಹೆಸರಿನದು. 2002ರ ಕಾನೂನಿನಿಂದ ಬಂದದ್ದು, ದುಡ್ಡು ಎನ್‌ಎಸ್‌ಎಫ್‌ನದು, ಅಂದರೆ ವಿಜ್ಞಾನಕ್ಕೆ ಅನುದಾನ ಕೊಡುವ ಫೆಡರಲ್ ಸಂಸ್ಥೆಯದು. ಆದರೆ ನೀವು ಎನ್‌ಎಸ್‌ಎಫ್‌ಗೆ ಅರ್ಜಿ ಹಾಕುವಂತಿಲ್ಲ. ಅವರು ಯೂನಿವರ್ಸಿಟಿಗೆ ಕೊಡುತ್ತಾರೆ, ಯೂನಿವರ್ಸಿಟಿ ತನ್ನ ವಿದ್ಯಾರ್ಥಿಗಳಿಗೆ ಕೊಡುತ್ತದೆ. ಅಂದರೆ ಯಾವ ಯೂನಿವರ್ಸಿಟಿಯಲ್ಲಿ ಈಗ ನಾಯ್ಸ್ ನಡೆಯುತ್ತಿದೆ ಅಂತ ಮೊದಲು ಹುಡುಕಬೇಕು. ನಿಮ್ಮಂಥ ಸೈನ್ಸ್ ಕೆಲಸ ಮಾಡಿದವರಿಗೆ ಸ್ಟೈಪೆಂಡ್ ಇದೆ. ವರ್ಷಕ್ಕೆ ಕಡಿಮೆ ಅಂದರೂ 10,000 ಡಾಲರ್. ಒಂದು ವರ್ಷದ ದುಡ್ಡಿಗೆ ಎರಡು ವರ್ಷ ಕೊರತೆ ಇರುವ ಜಿಲ್ಲೆಯಲ್ಲಿ (ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಪಾಠ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಬೇಕೇ ಬೇಕು, ನಿಮಗಿದೆ. ಅದರಲ್ಲೇ ಇನ್ನೊಂದು ಬಗೆ ಇದೆ, ಟೀಚಿಂಗ್ ಫೆಲೋ ಅಂತ. ಮಾಸ್ಟರ್ಸ್ ಮಾಡಿಸಿ, ಆಮೇಲೆ ನಾಲ್ಕು ವರ್ಷ ಸಂಬಳದ ಮೇಲೆ ವರ್ಷಕ್ಕೆ 10,000ಕ್ಕೆ ಕಡಿಮೆ ಇಲ್ಲದಂತೆ ಕೊಡುತ್ತಾರೆ. ಸಿಕ್ಕರೆ ಬಿಡಬೇಡಿ.

ಸಿಕ್ಕರೆ ಅಂತ ಯಾಕೆ ಹೇಳಿದೆ ಅಂದರೆ, 2025ರಲ್ಲಿ ಎನ್‌ಎಸ್‌ಎಫ್ ಸೈನ್ಸ್ ಶಿಕ್ಷಣದ ಸಾಕಷ್ಟು ಅನುದಾನ ನಡುವೆಯೇ ರದ್ದು ಮಾಡಿತು. ಶಿಕ್ಷಣ ಇಲಾಖೆಯೂ ಮೇಷ್ಟ್ರ ತರಬೇತಿಯ ಅನುದಾನ ಕಿತ್ತುಕೊಂಡಿತು. ಕೆಲವು ರಾಜ್ಯಗಳು ಕೋರ್ಟಿಗೆ ಹೋದವು, ಆದರೆ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು. ಹಾಗಾಗಿ ವೆಬ್‌ಸೈಟ್‌ನಲ್ಲಿ ಹೆಸರಿದೆ ಅಂತ ನಂಬಬೇಡಿ. ಫೋನ್ ಮಾಡಿ. "ಈ ವರ್ಷ ಸೇರುವವರಿಗೆ ದುಡ್ಡು ಇದೆಯಾ, ನಾನು ಮುಗಿಸುವ ತನಕ ಇರುತ್ತದಾ, ನಡುವೆ ನಿಂತರೆ ನನ್ನ ಬಾಂಡ್ ಗತಿ ಏನು" ಈ ಮೂರು ಕೇಳಿ. ಉತ್ತರ ಇಮೇಲ್‌ನಲ್ಲಿ ತಗೊಳ್ರಿ, ಬಾಯಿ ಮಾತು ಬೇಡ.

ನಾನು ಬಂದದ್ದು ಬೇರೆ ದಾರಿಯಲ್ಲಿ. ನ್ಯೂಯಾರ್ಕ್ ಸಿಟಿ ಟೀಚಿಂಗ್ ಫೆಲೋಸ್ ಅಂತ 2000ದಿಂದ ನಡೀತಿದೆ. ಬೇಸಿಗೆಯಲ್ಲಿ ತರಬೇತಿ, ಸೆಪ್ಟೆಂಬರ್‌ನಲ್ಲಿ ನೇರ ಕ್ಲಾಸಿಗೆ, ಪೂರ್ತಿ ಸಂಬಳ. ಸಂಜೆ ಮಾಸ್ಟರ್ಸ್ ಕ್ಲಾಸು. ಫೀಸಿನಲ್ಲಿ ದೊಡ್ಡ ಪಾಲು ಅವರು ಹಾಕುತ್ತಾರೆ, ಉಳಿದದ್ದು ನಮ್ಮ ಕೈಯಿಂದ. ಮೊದಲ ವರ್ಷ ನಿದ್ದೆ ಅನ್ನೋದು ಮರೆತುಬಿಡಬೇಕು, ಅದೊಂದೇ. ನ್ಯೂಜೆರ್ಸಿಯವರು ಯಾರಾದರೂ ಓದುತ್ತಿದ್ದರೆ, ಅಲ್ಲಿ ಆಲ್ಟರ್ನೇಟ್ ರೂಟ್ ಅಂತ 1980ರ ದಶಕದಿಂದಲೂ ಇದೆ. ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ ತಗೊಂಡು ಶಾಲೆ ಹುಡುಕಿಕೊಂಡರೆ ಸಂಬಳದ ಜೊತೆಗೇ ತರಬೇತಿ.

ಫ್ರೀಮಾಂಟ್_ಅತ್ತಿಗೆ:
ನಾನೂ ಕೇಳಿಬಿಡುತ್ತೇನೆ. ಮೈಸೂರಿನಲ್ಲಿ ಬಿ.ಎಸ್ಸಿ., ಎಂ.ಎಸ್ಸಿ., ಬಿ.ಎಡ್. ಆಗಿದೆ. ಅಲ್ಲಿ ಹೈಸ್ಕೂಲ್‌ನಲ್ಲಿ ಪಾಠವೂ ಮಾಡಿದ್ದೆ. ಇಲ್ಲಿ ಎಚ್-4 (ಗಂಡನ ಕೆಲಸದ ವೀಸಾ ಮೇಲೆ ಬಂದವರ ವೀಸಾ), ಇಎಡಿ ಅಂದರೆ ಕೆಲಸದ ಪರವಾನಗಿ ಕಾರ್ಡ್ ಇದೆ. ಟೀಚ್ ಗ್ರಾಂಟ್, ನಾಯ್ಸ್ ಯಾವುದಕ್ಕೂ ನಾನು ಅರ್ಹಳಲ್ಲ ಅಂತ ಗೊತ್ತಾಯಿತು. ಕ್ರೆಡೆನ್ಷಿಯಲ್ (ಮೇಷ್ಟ್ರಾಗಲು ಬೇಕಾದ ಲೈಸೆನ್ಸ್) ಕೋರ್ಸಿಗೆ ಪೂರ್ತಿ ಫೀಸು ಕೈಯಿಂದ ಕಟ್ಟಬೇಕಾ? ಅಷ್ಟು ದುಡ್ಡು ಕೇಳೋಕೆ ನನಗೇ ಸಂಕೋಚ.

ಬೆಲ್_ಹೊಡೀತು:
ಅಕ್ಕ, ನಿಲ್ಲಿ ನಿಲ್ಲಿ. ನೀವು ಕೋರ್ಸಿಗೇ ಸೇರಬೇಡಿ!

ಎಚ್-4ನವರಿಗೆ ಫಾಫ್ಸಾ (ಫೆಡರಲ್ ನೆರವಿನ ಅರ್ಜಿ) ತುಂಬುವ ಅರ್ಹತೆ ಇಲ್ಲ, ಹಾಗಾಗಿ ಫೆಡರಲ್ ಗ್ರಾಂಟ್, ಫೆಡರಲ್ ಸಾಲ ಎರಡೂ ಇಲ್ಲ, ಅದು ನಿಜ. ಆದರೆ ನಿಮಗೆ ಬಿ.ಎಡ್. ಇದೆ. ಬೇರೆ ದೇಶದಲ್ಲಿ ಶಿಕ್ಷಕ ತರಬೇತಿ ಮುಗಿಸಿದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಪ್ರತ್ಯೇಕ ದಾರಿ ಇದೆ. ಕ್ರೆಡೆನ್ಷಿಯಲ್ ಕೊಡುವ ಆಯೋಗ ಒಪ್ಪಿದ ಏಜೆನ್ಸಿಯಿಂದ ನಿಮ್ಮ ಡಿಗ್ರಿ, ಬಿ.ಎಡ್. ಎರಡನ್ನೂ ವಿಷಯವಾರು ಮೌಲ್ಯಮಾಪನ ಮಾಡಿಸಿ ಅರ್ಜಿ ಹಾಕಿ. ಸರಿ ಇದ್ದರೆ ಐದು ವರ್ಷದ ಪ್ರಿಲಿಮಿನರಿ ಕ್ರೆಡೆನ್ಷಿಯಲ್ ಸಿಗುತ್ತದೆ. ಉಳಿದ ಪರೀಕ್ಷೆ ಗಿರೀಕ್ಷೆ ಏನಿದ್ದರೂ ಕೆಲಸ ಮಾಡುತ್ತಾ ಮುಗಿಸಿಕೊಳ್ಳಬಹುದು. ಇದು ಗೊತ್ತಿಲ್ಲದೆ ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದ ಬಿ.ಎಡ್. ಅನ್ನೇ ಇಲ್ಲಿ ಮತ್ತೆ ದುಡ್ಡು ಕೊಟ್ಟು ಮಾಡುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಒಂದು ಕಿರಿಕಿರಿ ಇದೆ. ಟ್ರಾನ್ಸ್‌ಕ್ರಿಪ್ಟ್ ನೇರವಾಗಿ ಯೂನಿವರ್ಸಿಟಿಯಿಂದಲೇ ಹೋಗಬೇಕು ಅನ್ನುವ ಏಜೆನ್ಸಿಗಳೇ ಜಾಸ್ತಿ. ನಾವು ಪ್ರಾಣ ಹೋದರೂ ಬಿಡದೆ ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿ ಇಟ್ಟುಕೊಂಡಿರುವ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಕಳಿಸಿದರೆ ಒಪ್ಪುವುದಿಲ್ಲ. ಊರಿನಲ್ಲಿ ತಮ್ಮನೋ ಭಾವನೋ ಇದ್ದರೆ ಪರೀಕ್ಷಾ ವಿಭಾಗಕ್ಕೆ ಓಡಾಡಲು ಈಗಲೇ ಹೇಳಿಡಿ. ಬಿ.ಎಡ್.ನ ಪ್ರಾಕ್ಟೀಸ್ ಟೀಚಿಂಗ್ ಎಷ್ಟು ದಿನ, ಯಾವ ವಿಷಯ ಅನ್ನುವುದು ಕಾಗದದಲ್ಲಿ ಕಾಣಬೇಕು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಅದನ್ನೂ ಬರೆಸಿಕೊಳ್ಳಿ.

ಫ್ರೀಮಾಂಟ್_ಅತ್ತಿಗೆ:
ಅಯ್ಯೋ ದೇವರೇ. ಒಂದು ಕಡೆ ಅಡ್ವಾನ್ಸ್ ಕಟ್ಟೋದರಲ್ಲಿದ್ದೆ. ನಾಳೆಯೇ ತಮ್ಮನಿಗೆ ಫೋನ್ ಮಾಡುತ್ತೇನೆ. ಇಎಡಿ ಮೇಲೆ ಶಾಲೆಯವರು ತಗೋತಾರಾ?

ಬೆಲ್_ಹೊಡೀತು:
ತಗೋತಾರೆ. ಆದರೆ ರಿನ್ಯೂವಲ್ ಬಗ್ಗೆ ಎಚ್ಚರ ಅಕ್ಕ. 2025ರ ಅಕ್ಟೋಬರ್ 30ರಿಂದ ಅರ್ಜಿ ಹಾಕುವವರಿಗೆ ಇಎಡಿ ತಾನೇ ತಾನಾಗಿ ಮುಂದುವರಿಯುವ ಸೌಲಭ್ಯ ತೆಗೆದಿದ್ದಾರೆ. ಹೊಸ ಕಾರ್ಡ್ ಬರುವ ಮೊದಲೇ ಹಳೆಯದು ಮುಗಿದರೆ ಅವತ್ತಿನಿಂದ ಕ್ಲಾಸಿಗೆ ಹೋಗುವಂತಿಲ್ಲ. ಫೆಬ್ರವರಿಯಲ್ಲಿ ಹಾಗಾದರೆ ಮಕ್ಕಳಿಗೆ ಮತ್ತೆ ಸಬ್‌ಸ್ಟಿಟ್ಯೂಟ್, ನಿಮಗೆ ಸಂಬಳ ಇಲ್ಲ. ಎಷ್ಟು ಬೇಗ ಹಾಕಬಹುದೋ ಅಷ್ಟು ಬೇಗ ರಿನ್ಯೂವಲ್ ಹಾಕಿ.

ಕೋಡುಬಳೆ_42:
ನಾನು ಎಚ್-1ಬಿ. ವಾರಕ್ಕೆ ಒಂದು ದಿನ ಸಬ್‌ಸ್ಟಿಟ್ಯೂಟ್ ಆಗಿ ಹೋಗಿ ನೋಡಬಹುದಾ?

ಬ್ರಾಂಕ್ಸ್_ಬಸವ:
ಬೇಡ್ರಿ. ನಿಮ್ಮ ವೀಸಾ ಒಂದು ಕಂಪನಿಗೆ ಕಟ್ಟಿಕೊಂಡಿದೆ. ಬೇರೆ ಕಡೆ ಸಂಬಳ ತಗೊಂಡರೆ ಸ್ಟೇಟಸ್ಸಿಗೇ ಕುತ್ತು. ಸಂಬಳ ಇಲ್ಲದ ಲೈಬ್ರರಿ ಪಾಠಕ್ಕೆ ಹೋಗಿ ನೋಡಿ.

ಲೆಕ್ಕದ_ಪುಟ:
ತುಂಗಾ ಅವರ ಮನೆಯವರು ಹೇಳಿದ್ದು ಸರಿ. ಮೊದಲು ಲೆಕ್ಕ. ಫೀಸಿನ ಬಗ್ಗೆಯೇ ಎಲ್ಲರೂ ಮಾತಾಡುತ್ತಿದ್ದೀರಿ. ನಾನು ನೋಡಿದ ಮಟ್ಟಿಗೆ ಜನ ಸೋಲುವುದು ಫೀಸಿನಲ್ಲಿ ಅಲ್ಲ, ಸಂಬಳ ಇಲ್ಲದ ತಿಂಗಳುಗಳಲ್ಲಿ.

ಇನ್ಶೂರೆನ್ಸ್: ಮನೆಯವರ ಕೆಲಸದ ಪ್ಲಾನ್‌ಗೆ ಸೇರಿಕೊಂಡರೆ ಮುಗೀತು. ನಿಮ್ಮ ಕಂಪನಿಯದ್ದನ್ನೇ ಕೋಬ್ರಾ ಅನ್ನುವ ಕಾನೂನಿನಡಿ ಮುಂದುವರಿಸಿದರೆ 18 ತಿಂಗಳು ಸಿಗುತ್ತದೆ, ಆದರೆ ಕಂಪನಿಯ ಪಾಲೂ ನಿಮ್ಮದೇ, ಮೇಲೆ 2% ಖರ್ಚು. ಮೊದಲ ಬಿಲ್ ನೋಡಿದಾಗ ಎದೆ ಧಸಕ್ಕೆನ್ನುತ್ತದೆ.

ತೆರಿಗೆ: ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅಂತ ಇದೆ. ಫೀಸಿನ ಮೊದಲ 10,000 ಡಾಲರ್‌ಗೆ 20%, ಅಂದರೆ ವರ್ಷಕ್ಕೆ 2,000 ತನಕ. ಗಂಡ ಹೆಂಡತಿ ಸೇರಿ ಆದಾಯ 1,60,000 ದಾಟಿದರೆ ಕಡಿಮೆಯಾಗುತ್ತಾ 1,80,000ಕ್ಕೆ ಸೊನ್ನೆ. ಬೇ ಏರಿಯಾದಲ್ಲಿ ಇಬ್ಬರೂ ದುಡಿಯುತ್ತಿದ್ದರೆ ಸಿಗುವುದಿಲ್ಲ. ಆದರೆ ನೀವು ಕೆಲಸ ಬಿಟ್ಟ ವರ್ಷ ಆದಾಯ ಇಳಿಯುತ್ತದೆ, ಆ ವರ್ಷ ಸಿಗಬಹುದು. ಫೀಸು ಕಟ್ಟುವುದು ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಅಂತ ಇದನ್ನು ನೋಡಿ ತೀರ್ಮಾನ ಮಾಡಿ.

ಮಕ್ಕಳ ಓದಿಗೆ ಕೂಡಿಡುವ 529 ಖಾತೆಯಲ್ಲಿ ದುಡ್ಡಿದ್ದರೆ ಫಲಾನುಭವಿಯ ಹೆಸರು ನಿಮ್ಮದಕ್ಕೆ ಬದಲಿಸಿ ನಿಮ್ಮ ಫೀಸಿಗೆ ಬಳಸಬಹುದು, ದಂಡ ಇಲ್ಲ. ಮಾಡಿ ಅಂತ ಹೇಳುತ್ತಿಲ್ಲ. ಇದೆ ಅಂತ ಗೊತ್ತಿರಲಿ.

ಸಾಲ: ಫೆಡರಲ್ ಸಾಲ ಮಾಡಿ ಓದಿ, ಬಡ ಮಕ್ಕಳ ಶಾಲೆಯಲ್ಲಿ ಸತತವಾಗಿ 5 ವರ್ಷ ಪೂರ್ತಿ ಪಾಠ ಮಾಡಿದರೆ ಹೈಸ್ಕೂಲ್ ಸೈನ್ಸ್, ಗಣಿತದವರಿಗೆ 17,500 ಡಾಲರ್ ತನಕ ಮನ್ನಾ. ಬೇರೆ ವಿಷಯದವರಿಗೆ 5,000 ಮಾತ್ರ. ಸ್ಪೆಷಲ್ ಎಜುಕೇಶನ್‌ನವರಿಗೂ 17,500 ಇದೆ. ಸಾಲವೇ ಇಲ್ಲದವನಿಗೆ ಈ ಮನ್ನಾದಿಂದ ಏನೂ ಇಲ್ಲ. ಮನ್ನಾ ಸಿಗುತ್ತೆ ಅಂತ ಸಾಲ ಮಾಡುವುದು ನನಗೆ ಒಪ್ಪಿಗೆ ಇಲ್ಲ.

ಬ್ರಾಂಕ್ಸ್_ಬಸವ:
ಯಾಕ್ರೀ ಒಪ್ಪಿಗೆ ಇಲ್ಲ? ಉಳಿತಾಯದ ದುಡ್ಡು ಕೈಯಲ್ಲಿ ಇರಲಿ, ಫೀಸಿಗೆ ಸಾಲ ತಗೊಳ್ಳಿ, ಐದು ವರ್ಷಕ್ಕೆ ಮನ್ನಾ, ಫೆಡರಲ್ ತೆರಿಗೆಯೂ ಇಲ್ಲ. ಹೇಗೂ ಅದೇ ಶಾಲೆಯಲ್ಲಿ ಇರಬೇಕು ಅಂತ ಬಂದವರು ತಾನೇ?

ಲೆಕ್ಕದ_ಪುಟ:
ಸತತ ಮತ್ತು ಪೂರ್ತಿ, ಈ ಎರಡು ಪದಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಬಜೆಟ್ ಬಿಗಿಯಾದ ವರ್ಷ ಮಾರ್ಚ್ 15ರೊಳಗೆ ಮೇಷ್ಟ್ರುಗಳಿಗೆ ಲೇಆಫ್ ನೋಟಿಸ್ ಬರುತ್ತದೆ. ಕೊನೆಗೆ ಸೇರಿದವರಿಗೆ ಮೊದಲು. ನಾಲ್ಕನೇ ವರ್ಷ ಮನೆಗೆ ಕಳಿಸಿ, ಮುಂದಿನ ವರ್ಷಕ್ಕೆ ಪಟ್ಟಿಯಲ್ಲಿರುವ ಇನ್ನೊಂದು ಶಾಲೆ ಸಿಗದಿದ್ದರೆ ಎಣಿಕೆ ಮತ್ತೆ ಒಂದರಿಂದ. ಅರ್ಧ ಮನ್ನಾ ಅನ್ನೋದು ಇಲ್ಲ. ಟೀಚ್ ಗ್ರಾಂಟ್‌ನಲ್ಲಾದರೆ ನಾಲ್ಕು ವರ್ಷ ಸತತ ಆಗಬೇಕಿಲ್ಲ, 8 ವರ್ಷದೊಳಗೆ ಆದರೆ ಸಾಕು.

ಇನ್ನೂ ಒಂದು. ಪಿಎಸ್‌ಎಲ್‌ಎಫ್ ಅಂತ ಇನ್ನೊಂದು ಮನ್ನಾ ಇದೆ. ಸರ್ಕಾರಿ ಕೆಲಸದಲ್ಲಿದ್ದು 120 ಕಂತು ಕಟ್ಟಿದರೆ ಉಳಿದದ್ದೆಲ್ಲ ಹೋಗುತ್ತದೆ. ಆ 17,500ಕ್ಕೆ ತೋರಿಸಿದ ಐದು ವರ್ಷವನ್ನು ಇದಕ್ಕೆ ಮತ್ತೆ ತೋರಿಸುವಂತಿಲ್ಲ. ಹಳೆಯ ದೊಡ್ಡ ಸಾಲ ಇರುವವರಿಗೆ ಪಿಎಸ್‌ಎಲ್‌ಎಫ್ ಲಾಭ, ಸಣ್ಣ ಸಾಲದವರಿಗೆ 17,500 ಸಾಕು. ಎರಡೂ ಬೇಕು ಅಂತ ಹೋದರೆ ಹದಿನೈದು ವರ್ಷದ ಕೆಲಸ. ಮಾಸ್ಟರ್ಸ್‌ನಂಥ ಓದಿಗೆ ಸಿಗುತ್ತಿದ್ದ ಗ್ರಾಡ್ ಪ್ಲಸ್ ಅನ್ನುವ ಫೆಡರಲ್ ಸಾಲ ಹೊಸಬರಿಗೆ 2026ರ ಜುಲೈ 1ರಿಂದ ಇಲ್ಲ, ಮಾಸ್ಟರ್ಸ್‌ಗೆ ಫೆಡರಲ್ ಸಾಲ ವರ್ಷಕ್ಕೆ 20,500 ಮಿತಿ. ದುಬಾರಿ ಖಾಸಗಿ ಯೂನಿವರ್ಸಿಟಿಗೆ ಸೇರಿ "ಹೇಗೂ ಮನ್ನಾ ಆಗುತ್ತೆ" ಅನ್ನುವ ಕಾಲ ಮುಗೀತು.

ಬ್ರಾಂಕ್ಸ್_ಬಸವ:
ಹೂಂ, ಲೇಆಫ್ ಮಾತು ಒಪ್ಪಿದೆ. ಸೈನ್ಸ್‌ನವರನ್ನು ಸುಲಭಕ್ಕೆ ಬಿಡಲ್ಲ ಅಂತ ನನ್ನ ನಂಬಿಕೆ, ಆದರೆ ನಂಬಿಕೆ ಮೇಲೆ ಸಾಲ ಕೊಡಲ್ಲ, ನಿಜ.

ತುಂಗಾ_ತೀರ:
ಇಷ್ಟೆಲ್ಲ ಬರೆದಿದ್ದಕ್ಕೆ ಧನ್ಯವಾದ. ಬೆಲ್ ಸರ್, ಸಂಬಳದ ದಾರಿ ಸ್ವಲ್ಪ ಬಿಡಿಸಿ ಹೇಳಿ. ಇನ್ನೊಂದು, ಆ "ಪಟ್ಟಿಯಲ್ಲಿರುವ ಶಾಲೆ" ಅಂದರೆ ಯಾವ ಪಟ್ಟಿ? ನನ್ನ ತಲೆಯಲ್ಲಿರುವ ಶಾಲೆ ಅದರಲ್ಲಿ ಇರದಿದ್ದರೆ?

ಬೆಲ್_ಹೊಡೀತು:
ಪಟ್ಟಿ ಶಿಕ್ಷಣ ಇಲಾಖೆಯದ್ದು, ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಬಡ ಕುಟುಂಬದ ಮಕ್ಕಳು 30%ಗಿಂತ ಜಾಸ್ತಿ ಇರುವ ಶಾಲೆಗಳು. ಪ್ರತಿ ವರ್ಷ ಹೊಸದಾಗಿ ಮಾಡುತ್ತಾರೆ. ನೀವು ಪಾಠ ಮಾಡುತ್ತಿರುವಾಗ ಒಂದು ವರ್ಷ ಆ ಶಾಲೆ ಪಟ್ಟಿಯಲ್ಲಿದ್ದರೆ, ಆಮೇಲೆ ಹೊರಗೆ ಬಿದ್ದರೂ ಅಲ್ಲೇ ಮುಂದುವರಿದ ನಿಮ್ಮ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಆದರೆ ರಾಜ್ಯದ ಗ್ರಾಂಟಿಗೆ ಪಟ್ಟಿಯೇ ಬೇರೆ! ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ಟೀಚರ್ ಗ್ರಾಂಟಿಗೆ 55% ಇರಬೇಕು. ಬಡವರ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಸಾಕು ಮನೆಯಲ್ಲಿರುವವರು ಎಲ್ಲ ಸೇರಿ. ಆ ಗ್ರಾಂಟ್ ಮೊದಲು 20,000 ಇತ್ತು, ನಾಲ್ಕು ವರ್ಷದ ಬಾಂಡ್. ಆಮೇಲೆ 10,000ಕ್ಕೆ ಇಳಿಸಿ ಬಾಂಡ್ ಎರಡು ವರ್ಷ ಮಾಡಿದರು. ನಿಮ್ಮ ಶಾಲೆಯನ್ನು ಎರಡೂ ಪಟ್ಟಿಯಲ್ಲಿ ಹುಡುಕಿ, ಆಮೇಲೆ ಸಹಿ.

ಈಗ ಸಂಬಳದ ದಾರಿ. ಇಂಟರ್ನ್ ಕ್ರೆಡೆನ್ಷಿಯಲ್ ಅಂತಾರೆ. ಹೆಸರು ಇಂಟರ್ನ್, ಕೆಲಸ ಪೂರ್ತಿ ಮೇಷ್ಟ್ರದು. ಡಿಗ್ರಿ ಇರಬೇಕು, ಕೆಮಿಸ್ಟ್ರಿ ಗೊತ್ತಿದೆ ಅಂತ ಸಿಸೆಟ್ ಅನ್ನುವ ರಾಜ್ಯದ ವಿಷಯ ಪರೀಕ್ಷೆಯಲ್ಲೋ ಓದಿದ ವಿಷಯಗಳ ಮೂಲಕವೋ ತೋರಿಸಬೇಕು, ಕ್ಲಾಸಿಗೆ ಕಾಲಿಡುವ ಮೊದಲು 120 ಗಂಟೆ ತರಬೇತಿ. ಹೊರದೇಶದ ಡಿಗ್ರಿಯವರಿಗೆ ಅಮೆರಿಕದ ಸಂವಿಧಾನದ ಬಗ್ಗೆ ಒಂದು ಕೋರ್ಸು ಅಥವಾ ಪರೀಕ್ಷೆ ಕೂಡ ಇದೆ. ಇಷ್ಟಾದ ಮೇಲೆ ಜಿಲ್ಲೆಯವರು ಕೆಲಸ ಕೊಟ್ಟರೆ ಮೊದಲ ದಿನದಿಂದ ಸಂಬಳ, ಇನ್ಶೂರೆನ್ಸ್, ಪಿಂಚಣಿ. ಸಂಜೆ, ಶನಿವಾರ ಕೋರ್ಸು, ಎರಡು ವರ್ಷ. ಫೀಸು ನಿಮ್ಮದೇ, ಆದರೆ ಕೌಂಟಿ ಶಿಕ್ಷಣ ಕಚೇರಿಗಳು ನಡೆಸುವ ಕೋರ್ಸುಗಳು ಖಾಸಗಿ ಯೂನಿವರ್ಸಿಟಿಗಿಂತ ಅಗ್ಗ. ಅಷ್ಟು ಧೈರ್ಯ ಇಲ್ಲ ಅಂದರೆ ರೆಸಿಡೆನ್ಸಿ ಇದೆ. ಒಂದು ವರ್ಷ ಅನುಭವಿ ಮೇಷ್ಟ್ರ ಜೊತೆ ಅವರದೇ ಕ್ಲಾಸಿನಲ್ಲಿ ಇರುತ್ತೀರಿ, ಸ್ಟೈಪೆಂಡ್ ಕೊಡುತ್ತಾರೆ. ಸಂಬಳಕ್ಕಿಂತ ಕಡಿಮೆ, ಆದರೆ ಕಲಿಯುವುದು ಜಾಸ್ತಿ. ಅಲ್ಲೂ ಕೆಲವು ವರ್ಷ ಅದೇ ಜಿಲ್ಲೆಗೆ ದುಡಿಯುವ ಷರತ್ತು ಇರುತ್ತದೆ. ಮನೆಯಲ್ಲಿ ಇನ್ನೊಂದು ಸಂಬಳ ಇರುವ ನಿಮ್ಮಂಥವರಿಗೆ ನಾನು ರೆಸಿಡೆನ್ಸಿ ಹೇಳುತ್ತೇನೆ, ಒಂದೇ ಸಂಬಳದ ಮನೆಗೆ ಇಂಟರ್ನ್.

ಸಂಬಳದ ಬಗ್ಗೆ ಒಂದು ಕಿವಿಮಾತು. ಪ್ರತಿ ಜಿಲ್ಲೆಯ ಸಂಬಳದ ಪಟ್ಟಿ ಬಹಿರಂಗವಾಗಿಯೇ ಇರುತ್ತದೆ. ಕೆಳಗೆ ಇಳಿದಂತೆ ಅನುಭವದ ವರ್ಷ, ಪಕ್ಕಕ್ಕೆ ಸರಿದಂತೆ ಓದು. ನಿಮ್ಮ ಎಂ.ಎಸ್ಸಿ.ಯನ್ನು ಮೌಲ್ಯಮಾಪನ ಮಾಡಿಸಿ ಸೇರುವ ಮೊದಲೇ ಕೊಟ್ಟರೆ ಮಾಸ್ಟರ್ಸ್ ಕಾಲಂನಲ್ಲಿ ಕೂರಿಸುತ್ತಾರೆ. ಲ್ಯಾಬ್ ಅನುಭವವನ್ನು ಕೆಲವು ಜಿಲ್ಲೆಗಳು ಎಣಿಸುತ್ತವೆ, ಕೆಲವು ಇಲ್ಲ. ಕೇಳಿದವರಿಗೆ ಸಿಗುತ್ತದೆ, ಕೇಳದವರನ್ನು ಮೊದಲ ಮೆಟ್ಟಿಲಲ್ಲೇ ಕೂರಿಸುತ್ತಾರೆ. ಸಹಿ ಹಾಕಿದ ಮೇಲೆ ಕೇಳಿದರೆ ನಗುತ್ತಾರೆ ಅಷ್ಟೇ.

ತುಂಗಾ_ತೀರ:
ಪಿಂಚಣಿ ಅಂದಿರಿ. ಕ್ಯಾಲಿಫೋರ್ನಿಯಾ ಮೇಷ್ಟ್ರಾದರೆ ಇಷ್ಟು ವರ್ಷ ಕಟ್ಟಿದ ಸೋಶಿಯಲ್ ಸೆಕ್ಯುರಿಟಿ (ಫೆಡರಲ್ ಪಿಂಚಣಿ) ಹೋಗುತ್ತದೆ ಅಂತ ಒಬ್ಬರು ಹೆದರಿಸಿದರು.

ಲೆಕ್ಕದ_ಪುಟ:
ಹಳೇ ಮಾತು. ಕ್ಯಾಲಿಫೋರ್ನಿಯಾದ ಮೇಷ್ಟ್ರುಗಳಿಗೆ ಸೋಶಿಯಲ್ ಸೆಕ್ಯುರಿಟಿ ಕಡಿತ ಇಲ್ಲ, ಕ್ಯಾಲ್‌ಸ್ಟರ್ಸ್ ಅನ್ನುವ ಪಿಂಚಣಿ ನಿಧಿ ಇದೆ. ಹಾಗೆ ಬೇರೆ ಪಿಂಚಣಿ ಬರುವವರಿಗೆ ಮೊದಲು ಸೋಶಿಯಲ್ ಸೆಕ್ಯುರಿಟಿಯನ್ನು ಕತ್ತರಿಸುತ್ತಿದ್ದರು. 2025ರ ಜನವರಿಯಲ್ಲಿ ಹೊಸ ಕಾನೂನಿನಿಂದ ಆ ಕತ್ತರಿ ಹೋಯಿತು. ಕಂಪನಿಯಲ್ಲಿ ದುಡಿದು 40 ಕ್ರೆಡಿಟ್ (ಸುಮಾರು ಹತ್ತು ವರ್ಷದ ದುಡಿಮೆ) ಆಗಿದ್ದರೆ ಅದೂ ಬರುತ್ತದೆ, ಕ್ಯಾಲ್‌ಸ್ಟರ್ಸ್‌ನಲ್ಲಿ 5 ವರ್ಷ ಆದರೆ ಇದೂ ಬರುತ್ತದೆ. ಈ ಕಾನೂನು ಬಂದ ಮೇಲೆ ನಡುವಯಸ್ಸಿನಲ್ಲಿ ಮೇಷ್ಟ್ರಾಗುವವರ ಲೆಕ್ಕವೇ ಬದಲಾಗಿದೆ, ಆದರೆ ವಾಟ್ಸಾಪ್ ಗುಂಪುಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಸುಮ್ನಿರಪ್ಪ:
ದುಡ್ಡಿನದು ಸರಿ ಬಿಡಿ. ಆ ಮಕ್ಕಳು ಕೂತು ಕೇಳ್ತಾರಾ? ಫೋನ್ ನೋಡಿಕೊಂಡು ಕೂರೋ ಮಕ್ಕಳಿಗೆ ಪೀರಿಯಾಡಿಕ್ ಟೇಬಲ್ ಯಾಕೆ?

ಬೆಲ್_ಹೊಡೀತು:
ಎಲ್ಲ ದಿನ ಕೇಳಲ್ಲ. ಸೋಮವಾರ ಮೊದಲ ಪೀರಿಯಡ್ ಅಂತೂ ಅರ್ಧ ಜನ ನಿದ್ದೆ. ರಾತ್ರಿ ತಮ್ಮ ತಂಗಿಯರನ್ನು ನೋಡಿಕೊಂಡು ಬಂದಿರುತ್ತಾರೆ. ಕೆಲವರು ಅಂಗಡಿಯಲ್ಲಿ ಕೆಲಸ ಮಾಡಿ ಬಂದಿರುತ್ತಾರೆ.

ಒಂದು ಸಲ ಆಸಿಡ್, ಬೇಸ್ ಪಾಠ ಇತ್ತು. ಲ್ಯಾಬ್‌ಗೆ ಇಂಡಿಕೇಟರ್ ತರಿಸಲು ಆ ತಿಂಗಳು ದುಡ್ಡಿಲ್ಲ. ಮನೆಯಲ್ಲಿ ಕೆಂಪು ಎಲೆಕೋಸು ಹೆಚ್ಚಿ ಕುದಿಸಿ, ನೇರಳೆ ನೀರು ಬಾಟಲಿಯಲ್ಲಿ ಒಯ್ದೆ. ಒಬ್ಬ ಹುಡುಗಿ ಅದನ್ನು ನೋಡಿ ತನ್ನ ಚೀಲದಿಂದ ಇನ್ನೊಂದು ಬಾಟಲಿ ತೆಗೆದಳು. ಅವಳ ಅಮ್ಮ ಮಾಡಿದ ಹಮಾಯ್ಕಾ ಶರಬತ್ತು. ಮೆಕ್ಸಿಕೊದವರ ಮನೆಯಲ್ಲಿ ಇದು ಇದ್ದೇ ಇರುತ್ತದೆ, ಕಡು ಕೆಂಪು ಬಣ್ಣ. "ಮಿಸ್ಟರ್, ಇದೂ ಬಣ್ಣ ಬದಲಿಸುತ್ತಾ?" ಅಂತ ಕೇಳಿದಳು. ಅದು ಯಾವ ಗಿಡ ಗೊತ್ತಾ? ದಾಸವಾಳದ ಜಾತಿ, ನಮ್ಮ ಕೆಂಪು ಪುಂಡಿ. ಶರಬತ್ತಿಗೆ ಅಡುಗೆ ಸೋಡಾ ಹಾಕಿದೆವು. ಕೆಂಪು ಹೋಗಿ ಮಾಸಲು ನೀಲಿ, ಇನ್ನಷ್ಟು ಹಾಕಿದಾಗ ಹಸಿರು ಛಾಯೆ. ನಿಂಬೆ ಹಿಂಡಿದೆವು, ನೊರೆ ಉಕ್ಕಿ ಮೇಜೆಲ್ಲ ಒದ್ದೆ, ಮತ್ತೆ ಕೆಂಪು. ಅವತ್ತು ಫೋನ್ ಹೊರಗೆ ಬಂದವು, ವಿಡಿಯೊ ಮಾಡೋಕೆ. ಮರುದಿನ ಇಡೀ ಕ್ಲಾಸು ಮನೆಯಿಂದ ಏನೇನೋ ತಂದಿತ್ತು. ಟೊಮ್ಯಾಟೊ ಸಾಸ್‌ನಿಂದ ಹಿಡಿದು ಅಜ್ಜನ ಹೊಟ್ಟೆಯುರಿ ಮಾತ್ರೆ ತನಕ.

ಅಂದ ಹಾಗೆ ಇಂಥದಕ್ಕೆ ಕೈಯಿಂದ ಖರ್ಚು ಮಾಡಿದರೆ ತೆರಿಗೆಯ ಆದಾಯದಲ್ಲಿ ಒಂದಿಷ್ಟು ಕಳೆಯಬಹುದು, 2025ರಲ್ಲಿ 300 ಡಾಲರ್ ತನಕ ಇತ್ತು. ಆಗಸ್ಟ್ ಮುಗಿಯೋದರೊಳಗೆ ಅಷ್ಟು ಮುಗಿದಿರುತ್ತೆ, ಅದು ಬೇರೆ ಮಾತು. ಡೋನರ್ಸ್‌ಚೂಸ್ ಅನ್ನುವ ವೆಬ್‌ಸೈಟ್‌ನಲ್ಲಿ ಬೇಕಾದ್ದನ್ನು ಬರೆದು ಹಾಕಿದರೆ ಯಾರೋ ಪುಣ್ಯಾತ್ಮರು ಕೊಡಿಸುತ್ತಾರೆ. ಬ್ರಾಂಕ್ಸ್‌ನ ಒಬ್ಬ ಮೇಷ್ಟ್ರೇ 2000ದಲ್ಲಿ ಶುರು ಮಾಡಿದ್ದು ಅದು, ಬಸವಣ್ಣನಿಗೆ ಗೊತ್ತಿರುತ್ತೆ.

ಸಿರಾ_ಸೀಮೆ:
ಊರಿನಿಂದ ಓದುತ್ತಿದ್ದೇನೆ, ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ನಾವು ದಾಸವಾಳದ ಹೂವನ್ನು ಬಿಸಿನೀರಿಗೆ ಹಾಕಿ ಇದನ್ನೇ ಮಾಡುತ್ತೇವೆ! ಇಲ್ಲಿ ಕೆಲಸ ಬಿಟ್ಟು ಮೇಷ್ಟ್ರಾಗುವವರಿಗೆ ಈ ಥರ ಬಾಂಡ್ ಮೇಲಿನ ಸ್ಟೈಪೆಂಡ್ ನಾನು ಕಂಡಿಲ್ಲ. ಬಿ.ಎಡ್. 2015ರಿಂದ ಎರಡು ವರ್ಷ ಆಗಿದೆ. ಅದು ಮುಗಿಸಿ ನೇಮಕಾತಿ ಪ್ರಕಟಣೆ ಯಾವಾಗ ಬರುತ್ತೋ ಅಂತ ಕಾಯಬೇಕು. ಅಲ್ಲಿಯತನಕ ಅತಿಥಿ ಶಿಕ್ಷಕರ ಗೌರವಧನ. ಬೆಂಗಳೂರಿನ ಇಂಜಿನಿಯರ್ ಒಬ್ಬರು ನಮ್ಮಲ್ಲಿಗೆ ಬರುತ್ತೇನೆ ಅಂತ ಕೇಳಿದ್ದರು, ಗೌರವಧನದ ಮೊತ್ತ ಕೇಳಿ "ನೋಡ್ತೀನಿ ಸರ್" ಅಂದರು. ಅವರನ್ನೂ ಬೈಯೋಕಾಗಲ್ಲ.

ಫ್ರೀಮಾಂಟ್_ಅತ್ತಿಗೆ:
ಇದರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಸರ್, ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಇದನ್ನೇ ಕೇಳುತ್ತಿದ್ದಾಳೆ.

ಬ್ರಾಂಕ್ಸ್_ಬಸವ:
ತುಂಗಾ ಅವರಿಗೆ ಒಂದೇ ಮಾತು. ಯಾವ ಬಾಂಡ್‌ಗೂ ಸಹಿ ಹಾಕುವ ಮೊದಲು ಆ ಶಾಲೆಯಲ್ಲಿ ಕೆಲವು ದಿನ ಸಬ್‌ಸ್ಟಿಟ್ಯೂಟ್ ಆಗಿ ನಿಂತು ಬನ್ರಿ. ಬಾಂಡ್ ಅಂದರೆ ದುಡ್ಡಿನ ಮಾತು ಅಂದುಕೊಂಡಿರ್ತೀರಿ, ಆದರೆ ಅದು ನಾಲ್ಕು ವರ್ಷ ಬೆಳಗ್ಗೆ ಯಾವ ಗೇಟಿನಿಂದ ಒಳಗೆ ಹೋಗ್ತೀರಿ ಅನ್ನೋದರ ಮಾತು. ಒಳ್ಳೆಯ ಪ್ರಿನ್ಸಿಪಾಲ್ ಇರುವ ಶಾಲೆ ಹುಡುಕಿ. ಮೇಷ್ಟ್ರುಗಳು ಎಷ್ಟು ವರ್ಷ ಉಳಿದಿದ್ದಾರೆ ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರೆ ಗೊತ್ತಾಗಿಬಿಡುತ್ತೆ.

ತುಂಗಾ_ತೀರ:
ಸರಿ. ಶಾಲೆಯನ್ನು ಪಟ್ಟಿಯಲ್ಲಿ ನೋಡಿದೆ. ಫೆಡರಲ್ ಪಟ್ಟಿಯಲ್ಲೂ ಇದೆ, ರಾಜ್ಯದ ಪಟ್ಟಿಯಲ್ಲೂ ಇದೆ. ಮನೆಯವಳ ಇನ್ಶೂರೆನ್ಸ್‌ಗೆ ಸೇರುವುದು, ರೆಸಿಡೆನ್ಸಿಗೆ ಅರ್ಜಿ, ರಾಜ್ಯದ ಗ್ರಾಂಟ್ ಸಿಕ್ಕರೆ ತಗೊಳ್ಳುವುದು, ಟೀಚ್ ಗ್ರಾಂಟ್ ಮುಟ್ಟದೇ ಇರುವುದು. ಸದ್ಯಕ್ಕೆ ಇಷ್ಟು ತೀರ್ಮಾನ. ರಜೆ ಇದೆ, ಮುಂದಿನ ತಿಂಗಳು ಸಬ್‌ಸ್ಟಿಟ್ಯೂಟ್ ಪರ್ಮಿಟ್ ಮಾಡಿಸುತ್ತೇನೆ. ಅದಕ್ಕೆ ಏನೇನು ಬೇಕು?

ಬೆಲ್_ಹೊಡೀತು:
30 ದಿನದ ಸಬ್‌ಸ್ಟಿಟ್ಯೂಟ್ ಪರ್ಮಿಟ್ ಅಂತ ಹುಡುಕಿ. ಡಿಗ್ರಿಯ ಮೌಲ್ಯಮಾಪನ, ಬೆರಳಚ್ಚು, ಟಿಬಿ ಪರೀಕ್ಷೆ. ಮೌಲ್ಯಮಾಪನಕ್ಕೆ ಶಂಕರಘಟ್ಟದಿಂದ ಕಾಗದ ಬರಬೇಕು, ಅದೇ ಎಲ್ಲಕ್ಕಿಂತ ನಿಧಾನ, ಇವತ್ತೇ ಅರ್ಜಿ ಹಾಕಿ. ಹೆಸರಿನ ಮುಂದಿನ ಇನಿಶಿಯಲ್ ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಿದ್ದು, ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದೇ ಅಕ್ಷರ ಇದೆಯಾ? ಹಾಗಿದ್ದರೆ ಇಬ್ಬರೂ ಒಬ್ಬರೇ ಅಂತ ಒಂದು ಅಫಿಡವಿಟ್ ಕೂಡ ಮಾಡಿಸಿ ಇಟ್ಟುಕೊಳ್ಳಿ.

ತುಂಗಾ_ತೀರ:
ಇದೆ ಮಾರಾಯ್ರೇ, ಒಂದೇ ಅಕ್ಷರ. ಭಾವನಿಗೆ ಫೋನ್ ಹಚ್ಚುತ್ತೇನೆ.